ಕಿಕ್ಕರಿಗೆ ಕೆಂಪು ಬಟ್ಟೆ

ಆ ಬೈಕಿಗೆ ಒಂದೇ ಒಂದು ಕಾನೂನಿತ್ತು. ಎಣ್ಣೆಯ ನಲ್ಲಿಯನ್ನು ಮುಚ್ಚಿದವನು, ಬೈಕು ಒದ್ದು ಚಾಲೂ ಮಾಡುವ ಕಿಕ್ಕರಿಗೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಬಿಚ್ಚಿದವನು ಮೊದಲು ನಲ್ಲಿ ತೆರೆಯಬೇಕು, ಮಿಕ್ಕ ಕೆಲಸ ಆಮೇಲೆ. ಬಟ್ಟೆ ಇಲ್ಲವೆಂದರೆ ನಲ್ಲಿ ತೆರೆದಿದೆ, ಒದ್ದು ಹೊರಡಬಹುದು. ಈ ಕಾನೂನು ಮಾಡಿದವನು ಆಲ್ಬಿ ಪಾಸ್ಕೋ. ಮುರಿದವನು ಯಾರು ಎಂದು ನಮ್ಮೂರು ಕ್ಯಾಸಲ್‌ಮೇನಿನಲ್ಲಿ ಯಾರನ್ನು ಕೇಳಿದರೂ ಅವನ ಹೆಸರನ್ನೇ ಹೇಳುತ್ತಾರೆ.

ಹಳೆಯ ಇಂಗ್ಲಿಷ್ ಎಂಜಿನ್ನುಗಳ ಸಹವಾಸ ಇಲ್ಲದವರಿಗೆ ಎರಡು ಮಾತು ಹೇಳಬೇಕು. ಅವುಗಳ ಎಣ್ಣೆ ಎಂಜಿನ್ನಿನೊಳಗೆ ಇರುವುದಿಲ್ಲ, ಸೀಟಿನ ಕೆಳಗೆ ಬೇರೆ ಟ್ಯಾಂಕಿನಲ್ಲಿರುತ್ತದೆ. ಬೈಕು ವಾರಗಟ್ಟಲೆ ನಿಂತರೆ ಅದು ತೊಟ್ಟು ತೊಟ್ಟಾಗಿ ಎಂಜಿನ್ನಿನ ಹೊಟ್ಟೆಗೆ ಇಳಿದು, ಅಲ್ಲಿಂದ ನೆಲಕ್ಕೆ ಬರುತ್ತದೆ. ಅದಕ್ಕೆ ಕೆಲವರು ಪೈಪಿನ ನಡುವೆ ಒಂದು ಹಿತ್ತಾಳೆಯ ನಲ್ಲಿ ಹಾಕುತ್ತಾರೆ. ಮಿಕ್ಕವರು ಅವರನ್ನು ಮೂರ್ಖರೆಂದು ಬೈಯುತ್ತಾರೆ. ಬೈಯುವವರದೇ ಸರಿ. ನಲ್ಲಿ ತೆರೆಯದೆ ಹೊರಟರೆ ಎಂಜಿನ್ ಎಣ್ಣೆಯಿಲ್ಲದೆ ಓಡುತ್ತದೆ, ಹತ್ತು ಕಿಲೋಮೀಟರಿನೊಳಗೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಬಿಗಿದು ನಿಲ್ಲುತ್ತದೆ. ಮೇಲೆ ಕೂತವನನ್ನು ದೇವರೇ ಕಾಯಬೇಕು.

ನಲ್ಲಿ ಬೇಕೇ ಬೇಕು ಎಂದು ಹಟ ಹಿಡಿದವನು ನಾನು.

ನಾನು ಮತ್ತು ಆಲ್ಬಿ ಮೂವತ್ತೊಂದು ವರ್ಷ ಒಂದೇ ಫೌಂಡ್ರಿಯಲ್ಲಿ ದುಡಿದವರು. ಅವನು ಲೇತಿನ ಮೇಲೆ, ನಾನು ಅಚ್ಚಿನ ಮರಗೆಲಸದಲ್ಲಿ. ನನ್ನ ಕೆಲಸದಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಎರಕ ಕೆಡುತ್ತದೆ; ಹಾಗಾಗಿ ನನಗೆ ಎಲ್ಲವೂ ಒಪ್ಪವಾಗಿರಬೇಕು, ನೆಲ ಒರೆಸಿರಬೇಕು. ಇದೇ ಕಾರಣಕ್ಕೆ ನನ್ನ ಹೆಂಡತಿ ಬಿಟ್ಟು ಹೋದಳು ಎಂದು ಆಲ್ಬಿ ಎಲ್ಲರೆದುರು ಹೇಳಿ ನಗುತ್ತಿದ್ದ. ನಿವೃತ್ತಿಯಾದ ಮೇಲೆ ಅವನು ನಾಲ್ಕು ಪೆಟ್ಟಿಗೆ ತುಕ್ಕು ತಂದು ತಗಡಿನ ಶೆಡ್ಡಿನಲ್ಲಿ ಸುರಿದು, ಇದು ಬೈಕು ಎಂದ. ಐವತ್ತರ ಇಸವಿಯ ಚಾಸಿ, ಐವತ್ತೆರಡರ ಜೋಡಿ ಸಿಲಿಂಡರಿನ ಎಂಜಿನ್, ಇನ್ಯಾವುದರದೋ ಗಿಯರ್ ಪೆಟ್ಟಿಗೆ. ಆರು ವರ್ಷ ಹಿಡಿಯಿತು. ಮಡ್‌ಗಾರ್ಡ್ ಕತ್ತರಿಸಿದೆವು, ಸ್ಪ್ರಿಂಗಿನ ಒಂಟಿ ಸೀಟು ಕೂರಿಸಿದೆವು, ಹ್ಯಾಂಡಲ್ಲನ್ನು ಆಲ್ಬಿ ಮೂರು ಸಲ ಬಗ್ಗಿಸಿ ಎರಡು ಸಲ ಎಸೆದ. ಅಂಗಡಿಯಲ್ಲಿ ಸಿಗದ ಪ್ರತಿ ಬೋಲ್ಟನ್ನೂ ಅವನೇ ಲೇತಿನಲ್ಲಿ ತಿರುಗಿಸಿದ. ಅಂಗಡಿಯಲ್ಲಿ ಸಿಗುವುದನ್ನೂ ತಿರುಗಿಸಿದ, ಅಂಗಡಿಯವು ಕುರೂಪ ಅಂತ.

"ನಲ್ಲಿ ಅಂದ್ರೆ ನೇಣು ಕಣೋ ಕ್ಲೆಮ್," ಎಂದಿದ್ದ. "ಮರೆತ ದಿನ ಮುಗೀತು."

"ಮರೆಯೋಕೆ ನೀನೇನು ಮುದುಕನಾ?"

"ನಿಂಗೆ ನೆಲ ಒರೆಸೋ ಚಟ. ಫೌಂಡ್ರೀಲೂ ಬೇರೆಯವ್ರ ಬೆಂಚು ಒರೆಸ್ಕೊಂಡು ತಿರುಗ್ತಿದ್ದೆ, ಅತ್ತೆ ಥರ."

ಒಂದು ವರ್ಷ ಜಗಳವಾಡಿ ಕೊನೆಗೆ ಒಪ್ಪಿದ, ಆದರೆ ಬಟ್ಟೆಯ ಷರತ್ತು ಹಾಕಿ. ಫೌಂಡ್ರಿಯಲ್ಲಿ ಬೆವರಿಗೆಂದು ಕುತ್ತಿಗೆಗೆ ಕಟ್ಟುತ್ತಿದ್ದ ತನ್ನ ಕೆಂಪು ಕರ್ಚೀಫನ್ನೇ ತಂದ. ಕಿಕ್ಕರಿಗೆ ಎರಡು ಗಂಟು. ಬಟ್ಟೆ ಇದ್ದರೆ ಕಾಲು ಇಡಲಾಗುವುದಿಲ್ಲ, ಕಾಲು ಇಡಬೇಕಾದರೆ ಬಿಚ್ಚಲೇಬೇಕು.

"ಬಟ್ಟೆ ಕೈಲಿಲ್ದೆ ನಲ್ಲಿ ಮುಟ್ಟಬಾರ್ದು. ಗೊತ್ತಾಯ್ತಾ? ಮೊದ್ಲು ಬಟ್ಟೆ, ಆಮೇಲೆ ನಲ್ಲಿ. ನಿಂಗೂ ಅದೇ, ನಂಗೂ ಅದೇ."

ಗೊತ್ತಾಯ್ತು ಎಂದೆ.

ಬೈಕು ಮುಗಿಯಲು ಇನ್ನು ಬಣ್ಣ ಮಾತ್ರ ಬಾಕಿ ಎನ್ನುವಾಗ ಆಲ್ಬಿಗೆ ಕಾಯಿಲೆ ಗೊತ್ತಾಯಿತು. ಹಾರ್ಡ್‌ವೇರ್ ಅಂಗಡಿಗೆ ಹೋದವನು ಎರಡು ಗಂಟೆ ಬಿಟ್ಟು ಹಾರ್‌ಕೋರ್ಟಿನ ಸೇಬಿನ ತೋಟವೊಂದರಿಂದ ಫೋನ್ ಮಾಡಿ, ಮನೆಯ ದಾರಿ ಯಾವುದು ಎಂದು ಹೆಂಡತಿಯನ್ನು ಕೇಳಿದ್ದ. ಗ್ಲೆನಿಸ್ ಅವನನ್ನು ಬೆಂಡಿಗೋದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತಲೆಯ ಚಿತ್ರ ತೆಗೆದರು, ನೆನಪು ಪರೀಕ್ಷಿಸಲು ಕಾಗದದ ಮೇಲೆ ಗಡಿಯಾರದ ಚಿತ್ರ ಬರೆಸಿದರು, ಮರೆವಿನ ರೋಗ ಎಂದು ಹೆಸರು ಹೇಳಿದರು. ಇನ್ನೂ ಶುರು ಅಷ್ಟೇ ಎಂದರು. ಗಾಡಿ ಓಡಿಸುವ ಪರೀಕ್ಷೆ ಮಾಡಿದರು, ಪಾಸಾದ. ಆರು ತಿಂಗಳು ಓಡಿಸಬಹುದು, ಆಮೇಲೆ ಮತ್ತೆ ಪರೀಕ್ಷೆ.

ಗ್ಲೆನಿಸ್‌ಗೆ ಆರು ತಿಂಗಳಲ್ಲ, ಆರು ದಿನವೂ ಇಷ್ಟವಿರಲಿಲ್ಲ. ಒಂದು ಸಂಜೆ ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದಾಗ ಆಲ್ಬಿ ತಾನೇ ಮಾತು ತೆಗೆದ.

"ನೋಡಿ, ಇಬ್ರೂ ಕೇಳಿ. ನನ್ನ ತಲೆ ಎಷ್ಟು ಕೆಟ್ಟಿದೆ ಅಂತ ಡಾಕ್ಟ್ರಿಗಿಂತ ಚೆನ್ನಾಗಿ ಆ ಬಟ್ಟೆ ಹೇಳುತ್ತೆ. ಬಟ್ಟೆ ಮರೆತ ದಿನ ನಾನೇ ಲೈಸೆನ್ಸ್ ಕೊಟ್ಬಿಡ್ತೀನಿ. ಯಾರೂ ಕೇಳ್ಬೇಕಾಗಿಲ್ಲ. ಅಲ್ಲೀವರ್ಗೂ ಯಾರೂ ನನ್ನ ಮಗು ಥರ ನೋಡ್ಬೇಡಿ."

"ಮಾತು?" ಎಂದಳು ಗ್ಲೆನಿಸ್.

"ಮಾತು."

ಅವಳು ಕೈ ಚಾಚಿದಳು, ಅವನು ಕುಲುಕಿದ. ನಲವತ್ತಾರು ವರ್ಷ ಸಂಸಾರ ಮಾಡಿದ ಗಂಡ ಹೆಂಡಿರು ದನದ ಸಂತೆಯಲ್ಲಿ ವ್ಯಾಪಾರ ಕುದುರಿಸಿದವರಂತೆ ಕೈ ಕುಲುಕಿದ್ದು ಕಂಡು ನಾನು ನಕ್ಕೆ.

ಅಕ್ಟೋಬರದ ಮೊದಲ ಶನಿವಾರ ಬೈಕು ಹೊರಗೆ ಬಂತು. ಹಳೆಯ ಗಾಡಿಗಳ ಪರ್ಮಿಟ್ ಪುಸ್ತಕದಲ್ಲಿ ಹೊರಡುವ ಮೊದಲೇ ತಾರೀಕು ಬರೆದು ಸಹಿ ಹಾಕಬೇಕು, ದಿನಕ್ಕೊಂದು ಸಾಲು. ಆಲ್ಬಿ ಕನ್ನಡಕ ಹಾಕಿಕೊಂಡು, ನಾಲಿಗೆ ಕಚ್ಚಿಕೊಂಡು, ಶಾಲೆಯ ಮಕ್ಕಳ ಹಾಗೆ ಮೊದಲ ಸಾಲು ಬರೆದ. ಮ್ಯಾಗ್‌ಪೈ ಹಕ್ಕಿಗಳು ಗೂಡು ಕಟ್ಟುವ ಕಾಲ, ತಲೆ ಕಂಡರೆ ಕುಕ್ಕಲು ಬರುತ್ತವೆ. ಅವನ್ನು ಹೆದರಿಸಲು ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿ ಸಿಗಿಸಿಕೊಂಡಿದ್ದ.

"ಮುಳ್ಳುಹಂದಿ," ಎಂದೆ.

"ಮುಚ್ಚೋ ಬಾಯಿ."

ಬಟ್ಟೆ ಬಿಚ್ಚಿ ಜೇಬಿಗಿಟ್ಟುಕೊಂಡ, ಬಗ್ಗಿ ನಲ್ಲಿ ತಿರುಗಿಸಿದ, ಮೂರನೆಯ ಒದೆತಕ್ಕೆ ಎಂಜಿನ್ ಹತ್ತಿಕೊಂಡಿತು. ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು, ಎಣ್ಣೆ ಎಂಜಿನ್ನಿನಿಂದ ವಾಪಸ್ ಬಂದು ಬೀಳುತ್ತಿರುವುದನ್ನು ನೋಡಿದ, ನನಗೂ ತೋರಿಸಿದ. ತಣ್ಣಗಿನ ಎಂಜಿನ್ನಿಗೆ ಅದೊಂದು ಶಾಸ್ತ್ರ. ಆಮೇಲೆ ಮಾಲ್ಡನ್ ರಸ್ತೆ ಹಿಡಿದ. ನಾನೂ ಗ್ಲೆನಿಸ್ಸೂ ಕಾರಿನಲ್ಲಿ ಹಿಂದೆ. ನೀಲಗಿರಿ ಮರಗಳ ನಡುವಿನ ಆ ರಸ್ತೆಯಲ್ಲಿ ಅವನ ಬೆನ್ನು ನೆಟ್ಟಗಿತ್ತು. ತಿರುವುಗಳಲ್ಲಿ ಇಪ್ಪತ್ತರ ಹುಡುಗನ ಹಾಗೆ ಮೈ ವಾಲಿಸುತ್ತಿದ್ದ. ಒಂದು ಕಡೆಯೂ ದಾರಿ ತಪ್ಪಲಿಲ್ಲ, ಒಂದು ಗಿಯರೂ ತಡವರಿಸಲಿಲ್ಲ. ಗ್ಲೆನಿಸ್ ಅಳುತ್ತಿದ್ದಳು. ಮನೆಗೆ ಬಂದವನೇ ಜೇಬಿನಿಂದ ಬಟ್ಟೆ ತೆಗೆದು ಕೈಯಲ್ಲಿ ಹಿಡಿದು, ನಲ್ಲಿ ಮುಚ್ಚಿ, ಕಿಕ್ಕರಿಗೆ ಎರಡು ಗಂಟು ಹಾಕಿದ. ಹೆಲ್ಮೆಟ್ ತೆಗೆದದ್ದು ಅದಾದ ಮೇಲೆ.

"ಇನ್ನೂ ಇದ್ದೀನಿ ಕಣೋ," ಎಂದ. "ಇನ್ನೂ ಒಳಗೆ ನಾನೇ ಇದ್ದೀನಿ."

ಎರಡನೆಯ ಶನಿವಾರ ಬೆಳಿಗ್ಗೆ ನ್ಯೂಸ್ಟೆಡ್ಡಿಗೆ ಹೋಗಿ ಬಂದ. ಆ ದಿನವೂ ಹಿಂದೆ ನಮ್ಮ ಕಾರು. ವಾಪಸ್ ಬಂದು ಶೆಡ್ಡಿನಲ್ಲಿ ನಿಲ್ಲಿಸಿದಾಗ ಗ್ಲೆನಿಸ್ ತಾನಾಗಿಯೇ ಹೇಳಿದಳು: "ಊಟ ಆದ್ಮೇಲೆ ಬೇಕಾದ್ರೆ ಒಬ್ನೇ ಒಂದು ರೌಂಡ್ ಹೋಗ್ಬಾ. ಗಿಲ್‌ಫರ್ಡ್‌ವರ್ಗೂ ಅಷ್ಟೇ." ಆಲ್ಬಿ ಅವಳನ್ನು ಎತ್ತಿ ತಿರುಗಿಸಲು ಹೋಗಿ, ಸೊಂಟ ಹಿಡಿದುಕೊಂಡು ಬಿಟ್ಟ. ಊಟವಾದ ಕೂಡಲೇ ಮತ್ತೆ ಹೊರಡುವುದಿದ್ದರಿಂದ ಅವನು ನಲ್ಲಿ ಮುಚ್ಚಲಿಲ್ಲ, ಬಟ್ಟೆ ಅವನ ಜೇಬಿನಲ್ಲೇ ಉಳಿಯಿತು. ಅದು ಸರಿಯಾಗಿಯೇ ಇತ್ತು. ಅರ್ಧ ಗಂಟೆಯಲ್ಲಿ ಎಣ್ಣೆ ಎಲ್ಲಿಗೂ ಇಳಿಯುವುದಿಲ್ಲ.

ಇಬ್ಬರೂ ಕೈ ತೊಳೆಯಲು ಒಳಗೆ ಹೋದರು. ನಾನು ಶೆಡ್ಡಿನಲ್ಲಿ ಉಳಿದೆ. ಎಂಜಿನ್ನಿನ ಕೆಳಗೆ, ನಾನು ಬೆಳಿಗ್ಗೆ ತಾನೇ ಒರೆಸಿದ್ದ ಸಿಮೆಂಟಿನ ಮೇಲೆ, ಒಂದು ತೊಟ್ಟು ಎಣ್ಣೆ ಬಿದ್ದಿತ್ತು. ಒಂದೇ ತೊಟ್ಟು. ಚಿಂದಿ ತಗೊಂಡು ಒರೆಸಿದೆ. ಬಗ್ಗಿದವನ ಕೈ ತನ್ನ ಪಾಡಿಗೆ ನಲ್ಲಿಗೆ ಹೋಯಿತು, ಮುಚ್ಚಿತು. ಬಟ್ಟೆ ಎಂದು ನೆನಪಾಯಿತು. ಆಲ್ಬಿಯ ಜೇಬಿನಲ್ಲಿದೆ, ಹೋಗಿ ಕೇಳಬೇಕು ಎಂದುಕೊಂಡೆ. ಇದನ್ನು ಸ್ಪಷ್ಟವಾಗಿ ಅಂದುಕೊಂಡದ್ದು ನನಗೆ ಇವತ್ತಿಗೂ ನೆನಪಿದೆ. ಅಷ್ಟರಲ್ಲಿ ಗ್ಲೆನಿಸ್ ಕಿಟಕಿಯಿಂದ ಕೂಗಿದಳು.

"ಕ್ಲೆಮ್, ಪೈ ಆರೋಗುತ್ತೆ! ಆ ನೆಲಕ್ಕೇ ತಾಳಿ ಕಟ್ಬಿಡು ಅತ್ಲಾಗೆ!"

ನಗುತ್ತಾ ಹೋದೆ. ಮಾಂಸದ ಪೈ, ಬಟಾಣಿ, ಟೊಮೇಟೊ ಸಾಸ್. ಆಲ್ಬಿ ನ್ಯೂಸ್ಟೆಡ್ಡಿನ ಸೇತುವೆಯ ಮೇಲೆ ಎಂಜಿನ್ ಹೇಗೆ ಹಾಡಿತು ಎಂದು ಬಾಯಲ್ಲಿ ಸದ್ದು ಮಾಡಿ ತೋರಿಸಿದ. ನಾನು ಎರಡು ಪೈ ತಿಂದೆ. ಬಟ್ಟೆಯ ವಿಚಾರ ನನ್ನ ತಲೆಯಿಂದ ಪೂರ್ತಿ ಹೊರಟುಹೋಗಿತ್ತು. ನನ್ನ ತಲೆಗೆ ಯಾವ ಕಾಯಿಲೆಯೂ ಇರಲಿಲ್ಲ.

ಅವನು ಹೊರಡುವಾಗ ನಾನು ಅಲ್ಲೇ ನಿಂತಿದ್ದೆ. ಅವನು ಕಿಕ್ಕರ್ ನೋಡಿದ. ಬಟ್ಟೆ ಇರಲಿಲ್ಲ. ಎಂಜಿನ್ ಇನ್ನೂ ಬಿಸಿ, ಒಂದೇ ಒದೆತಕ್ಕೆ ಹತ್ತಿತು. ಬೆಳಿಗ್ಗೆ ಒಮ್ಮೆ ನೋಡಿದ್ದರಿಂದ ಮುಚ್ಚಳ ತೆಗೆದು ನೋಡಲಿಲ್ಲ. ನಾನು ಕೈ ಬೀಸಿದೆ. ಎರಡು ಬೆರಳು ಎತ್ತಿ ತೋರಿಸಿ ಹೋದ.

ಎಂಟನೆಯ ಕಿಲೋಮೀಟರಿನಲ್ಲಿ ಎಂಜಿನ್ ಕಚ್ಚಿಕೊಂಡಿತು. ಹಿಂದೆ ಬರುತ್ತಿದ್ದ ಕುರಿ ಸಾಕುವ ಹೆಂಗಸೊಬ್ಬಳು ಫೋನ್ ಮಾಡಿದಳು. ನಾನೂ ಗ್ಲೆನಿಸ್ಸೂ ಹೋದಾಗ ಅವನು ರಸ್ತೆಯ ಪಕ್ಕ ಮರಕ್ಕೊರಗಿ ಕೂತಿದ್ದ. ಭುಜದ ಮೂಳೆ ಮುರಿದಿತ್ತು, ಒಂದು ಕಡೆ ಕೆನ್ನೆ ಸುಲಿದುಹೋಗಿತ್ತು. ಬೈಕು ಚರಂಡಿಯಲ್ಲಿ. ಗ್ಲೆನಿಸ್ ಅವನ ಮುಂದೆ ಮಂಡಿಯೂರಿದಳು. ಅವನು ಅವಳ ತಲೆಯ ಮೇಲಿಂದ ನನ್ನನ್ನು ನೋಡಿದ.

"ನಲ್ಲಿ ನೋಡು, ಕ್ಲೆಮ್."

ನೋಡುವ ಅಗತ್ಯ ನನಗಿರಲಿಲ್ಲ. ನೋಡಿದೆ.

"ಮುಚ್ಚಿದೆ ಅಲ್ವಾ?"

"ಹೂಂ."

"ಬಟ್ಟೆ ನನ್ನ ಜೇಬಲ್ಲೇ ಇದೆ." ಅವನ ಮುಖದ ಬಣ್ಣ ಇಳಿದಿತ್ತು. "ಮುಚ್ಚಿದ್ದು ನೆನಪೇ ಇಲ್ಲ ಕಣೋ. ಕಟ್ಟೋದು ಮರೆತೆ ಅಂದ್ರೆ ಹೋಗ್ಲಿ. ಮುಚ್ಚಿದ್ದೇ ನೆನಪಿಲ್ಲ."

ಆಗಲೇ ಹೇಳಬೇಕಿತ್ತು. ನಾನು ಮುಚ್ಚಿದ್ದು, ಆಲ್ಬಿ. ಮೂರು ಪದ. ಬಾಯಿ ತೆರೆದೆ ಕೂಡ. ಗ್ಲೆನಿಸ್ ತಿರುಗಿ ನನ್ನ ಕಡೆ ನೋಡಿದಳು, ಅವಳ ಕೈತುಂಬ ಅವನ ರಕ್ತ. ಇವನನ್ನು ಕೊಲ್ಲಲು ಹೋದವನು ನಾನು ಎಂದು ಆ ಮುಖಕ್ಕೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆಸ್ಪತ್ರೆಯಿಂದ ಬಂದಮೇಲೆ ಹೇಳೋಣ ಎಂದುಕೊಂಡೆ. ಹೇಡಿಗೆ ಯಾವಾಗಲೂ ಒಂದು ‘ಆಮೇಲೆ’ ಇರುತ್ತದೆ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ಅವನು ಲೈಸೆನ್ಸನ್ನು ಗ್ಲೆನಿಸ್ ಕೈಗಿಟ್ಟ. "ಮಾತು ಅಂದ್ರೆ ಮಾತು," ಎಂದ. ಅವಳು ಅದನ್ನು ಕಚೇರಿಗೆ ಕೊಟ್ಟು, ನಮ್ಮ ಮನೆಗೆ ಬಂದು, ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು.

"ಮೂಳೆ ಮುರಿದಿದ್ದಕ್ಕೆ ದೇವ್ರಿಗೆ ಕೈ ಮುಗೀತೀನಿ ಕ್ಲೆಮ್. ಬೈಬೇಡ. ಹಿಂಗಾಗದಿದ್ರೆ ಅವ್ನು ಬಿಡ್ತಿರ್ಲಿಲ್ಲ. ಮುಂದಿನ್ಸಲ ಯಾರದೋ ಮಗೂಗೆ ಹೊಡೀತಿದ್ದ."

ನನಗೆ ಬೇಕಾದ ನೆಪವನ್ನು ಅವಳೇ ತಂದು ಕೈಯಲ್ಲಿಟ್ಟಳು, ನಾನು ಬಾಚಿಕೊಂಡೆ. ಆದದ್ದು ಒಳ್ಳೆಯದಕ್ಕೇ, ಇನ್ನು ಯಾಕೆ ಕೆದಕುವುದು ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವಾರ ಅದನ್ನು ನಂಬಿಯೂ ನಂಬಿದೆ.

ಆಮೇಲೆ ಆಲ್ಬಿ ತನ್ನನ್ನು ತಾನು ಬಿಟ್ಟುಕೊಡುವುದನ್ನು ನೋಡಿದೆ. ಮೊದಲು ಬೈಕು. ಆಮೇಲೆ ಲೇತ್: "ಇದ್ರಲ್ಲಿ ಬೆರಳು ಹೋಗುತ್ತೆ, ಯಾವ ಸ್ವಿಚ್ ಹಾಕಿದ್ದೀನೋ ನಂಗೇ ಗೊತ್ತಿರಲ್ಲ." ಆಮೇಲೆ ಒಲೆ. ಚಹಾ ಮಾಡಲೂ ಗ್ಲೆನಿಸ್ಸನ್ನು ಕಾಯುತ್ತಿದ್ದ. ಬಾಗಿಲ ಚಿಲಕ ಹಾಕಿದೆನೇ ಎಂದು ಹತ್ತು ಸಲ ಕೇಳುವನು, ಹಾಕಿದ್ದೀಯ ಎಂದರೆ, ನನಗೆ ನೆನಪಿದ್ದರೆ ತಾನೇ ಎನ್ನುವನು. ನಿಜವಾಗಿ ಮರೆತದ್ದು ಕಡಿಮೆ, ಮರೆತಿರಬಹುದೆಂಬ ಹೆದರಿಕೆಯೇ ಹೆಚ್ಚು. ಆರು ತಿಂಗಳಿಗೆಂದು ಡಾಕ್ಟರು ಇಟ್ಟಿದ್ದ ಪರೀಕ್ಷೆಗೆ ಅವನು ಹೋಗಲೇ ಇಲ್ಲ. ಒಂದು ದಿನ, ಲೇತಿನ ಮುಂದೆ ಅಳತೆ ನೋಡುವ ತನ್ನ ಮೈಕ್ರೋಮೀಟರನ್ನು ಪೆಟ್ಟಿಗೆ ಸಮೇತ ತಂದು ನನಗೆ ಕೊಟ್ಟ. ನಲವತ್ತು ವರ್ಷ ಬೇರೆ ಯಾರ ಕೈಗೂ ಕೊಡದ ವಸ್ತು.

"ಇಟ್ಕೋ. ನನ್ನ ಕೈಯನ್ನ ನಾನೇ ನಂಬಲ್ಲ ಈಗ."

ನಾನು ಇಟ್ಟುಕೊಂಡೆ. ಆವತ್ತೂ ಹೇಳಲಿಲ್ಲ.

ಬದಲಿಗೆ ಎಂಜಿನ್ ಬಿಚ್ಚಿದೆ. ಪ್ರಾಯಶ್ಚಿತ್ತ ಎನ್ನಿ, ಪುಕ್ಕಲುತನ ಎನ್ನಿ. ಡಿಸೆಂಬರಿನಲ್ಲಿ ಶುರುವಾಗುವ ನಮ್ಮ ಬೇಸಿಗೆಯಿಡೀ ಅವನ ಶೆಡ್ಡಿನಲ್ಲಿ ಒಬ್ಬನೇ ಕೂತು ಕಚ್ಚಿದ ಪಿಸ್ಟನ್ನುಗಳನ್ನು ಮರದ ಬಡಿಗೆಯಿಂದ ಬಡಿದು ತೆಗೆದೆ. ಸಿಲಿಂಡರ್ ಕೊರೆಯುವ ಕೆಲಸ ಆಲ್ಬಿಯದು. ಅವನು ಬರಲಿಲ್ಲ, ಬೆಂಡಿಗೋಗೆ ಕಳಿಸಬೇಕಾಯಿತು. ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. "ಬೇಡ್ವೋ, ನಾನು ಮುಟ್ಟಿದ್ರೆ ಏನಾದ್ರೂ ಆಗುತ್ತೆ," ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಸತ್ತುಹೋಗೋಣ ಎನಿಸುತ್ತಿತ್ತು, ಸತ್ಯ ಹೇಳೋಣ ಎಂದು ಮಾತ್ರ ಅನಿಸುತ್ತಿರಲಿಲ್ಲ.

ಮೇ ತಿಂಗಳಲ್ಲಿ ಅವನು ತನ್ನ ಮನೆಯ ಪಾಯಖಾನೆ ಹುಡುಕುತ್ತಾ ಜಗುಲಿಯಲ್ಲಿ ನಿಂತು ಅತ್ತದ್ದನ್ನು ನೋಡಿದ ಮೇಲೆ ತಡೆಯಲಾಗಲಿಲ್ಲ. ಗ್ಲೆನಿಸ್‌ಗೆ ಹೇಳಿದೆ. ಎಣ್ಣೆಯ ತೊಟ್ಟು, ನಲ್ಲಿ, ಪೈ, ಎಲ್ಲ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ಕೇಳಿ, ಆಮೇಲೆ ತೆಗೆದಳು.

"ನೀನು ಒಳ್ಳೇವ್ನು ಕ್ಲೆಮ್," ಎಂದಳು. "ಆದ್ರೆ ಹಿಂಗೆಲ್ಲ ಮಾಡ್ಬೇಡ."

"ಗ್ಲೆನಿಸ್, ಇದು ನಿಜ."

"ನಿಜ ಆಗಿದ್ರೆ ಏಳು ತಿಂಗ್ಳು ಸುಮ್ನಿರ್ತಿದ್ಯಾ ನೀನು? ನಿನ್ನ ನಾನು ಕಾಣೆನಾ? ನೆಲದ ಮೇಲೆ ಒಂದು ಕಲೆ ಇದ್ರೆ ನಿದ್ದೆ ಬರಲ್ಲ ನಿಂಗೆ."

ನನ್ನ ಮೇಲೆ ಅವಳಿಗೆ ಅಷ್ಟು ಒಳ್ಳೆಯ ಅಭಿಪ್ರಾಯ.

ಆಲ್ಬಿಗೂ ಹೇಳಿದೆ, ಅದೇ ಮಧ್ಯಾಹ್ನ, ಜಗುಲಿಯ ಬಿಸಿಲಲ್ಲಿ. ಅವನು ಗಮನವಿಟ್ಟು ಕೇಳಿದ. ಬಟ್ಟೆ ನಿನ್ನ ಜೇಬಲ್ಲಿತ್ತು, ಅದಕ್ಕೇ ನನಗೆ ಕಟ್ಟಲಾಗಲಿಲ್ಲ ಎಂದಾಗ ಅವನ ಕಣ್ಣು ಒಂದು ಕ್ಷಣ ಮೊದಲಿನಂತೆ ಚುರುಕಾಯಿತು. ಲೇತಿನ ಮುಂದೆ ಅಳತೆ ನೋಡುವಾಗಿನ ಕಣ್ಣು. ಬೈಯುತ್ತಾನೆ, ಹೊಡೆಯುತ್ತಾನೆ, ಎದ್ದು ಶೆಡ್ಡಿಗೆ ಹೋಗುತ್ತಾನೆ ಎಂದು ಕಾದೆ.

ಅವನು ನನ್ನ ತೊಡೆ ತಟ್ಟಿದ. "ಸುಳ್ಳು ಹೇಳೋಕೆ ನಿಂಗೆ ಬರಲ್ಲ ಕಣೋ ಬಡ್ಡಿಮಗನೇ. ಯಾವಾಗ್ಲೂ ಬರ್ತಿರ್ಲಿಲ್ಲ." "ಆದ್ರೂ ಥ್ಯಾಂಕ್ಸ್," ಎಂದ.

ಮೂರು ದಿನ ಬಿಟ್ಟು ಮತ್ತೆ ಹೇಳಿದೆ. ಹೇಳಿದ್ದು ಅವನಿಗೆ ನೆನಪಿರಲಿಲ್ಲ. ನಲ್ಲಿ ಮರೆತದ್ದು ನೆನಪಿತ್ತು.

ಜುಲೈನಲ್ಲಿ ಅವನನ್ನು ವೃದ್ಧರ ಆರೈಕೆ ಮನೆಗೆ ಸೇರಿಸಿದರು, ಊರಾಚೆಯ ಗುಡ್ಡದ ಮೇಲೆ. ಸೆಪ್ಟೆಂಬರಿಗೆ ನನ್ನ ಹೆಸರು ಹೋಯಿತು. ಗ್ಲೆನಿಸ್ಸನ್ನು ಕೆಲವು ದಿನ ಅಕ್ಕ ಎನ್ನುತ್ತಿದ್ದ.

ಮತ್ತೆ ಅಕ್ಟೋಬರ್ ಬಂತು. ಪರ್ಮಿಟ್ ಪುಸ್ತಕವನ್ನು ಗ್ಲೆನಿಸ್ ನನ್ನ ಹೆಸರಿಗೆ ಮಾಡಿಸಿದ್ದಳು, ಹೊಸದು. ಅವನ ಹಳೆಯದರಲ್ಲಿ ಎರಡೇ ಸಾಲು. ನಾನು ಮೊದಲ ಸಾಲು ಬರೆದು, ಬಟ್ಟೆ ಬಿಚ್ಚಿ ಜೇಬಿಗಿಟ್ಟು, ನಲ್ಲಿ ತೆರೆದು, ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿದೆ. ಎಂಜಿನ್ ಚೆನ್ನಾಗಿ ಓಡಿತು. ನನಗೆ ಅದರಿಂದ ಏನೂ ಖುಷಿಯಾಗಲಿಲ್ಲ.

ಗ್ಲೆನಿಸ್ ಅವನನ್ನು ಅಂಗಳಕ್ಕೆ ಕರೆತಂದಿದ್ದಳು. ಅವನು ಕಾರ್ಡಿಗನ್ನಿನ ಗುಂಡಿ ತಪ್ಪಾಗಿ ಹಾಕಿಕೊಂಡು ನಿಂತಿದ್ದ. ಬೈಕು ನೋಡಿ ಅವಳ ಕೈ ಬಿಡಿಸಿಕೊಂಡು ಬಂದ. ಸುತ್ತ ಒಂದು ಸಲ ನಡೆದ. ಹ್ಯಾಂಡಲ್ ಸವರಿದ.

"ಯಾರ ಕೆಲ್ಸ ಸರ್ ಇದು?"

"ಆಲ್ಬಿ ಪಾಸ್ಕೋ ಅಂತ."

"ಕೈ ಚೆನ್ನಾಗಿದೆ ಮನುಷ್ಯಂದು."

ಹಾಗೆಂದವನು ಸೀಟಿನ ಕೆಳಗೆ ಬಗ್ಗಿದ. ಕಣ್ಣು ಬೇಕಾಗಿರಲಿಲ್ಲ ಅವನಿಗೆ, ನೇರ ನಲ್ಲಿಗೆ ಹೋಯಿತು ಕೈ. ಮುಟ್ಟಿ, ತಿರುಗಿಸದೆ, ಇನ್ನೊಂದು ಕೈಯಿಂದ ತನ್ನ ಪ್ಯಾಂಟಿನ ಜೇಬು ಹುಡುಕಿದ. ಖಾಲಿ. ಮತ್ತೆ ಹುಡುಕಿದ. ಕಾರ್ಡಿಗನ್ನಿನ ಜೇಬು ಹುಡುಕಿದ. ಗಾಬರಿಯಾಗಿ ನನ್ನ ಮುಖ ನೋಡಿದ. ಆಮೇಲೆ, ಬೆಂಕಿ ಮುಟ್ಟಿದಂತೆ, ನಲ್ಲಿಯಿಂದ ಕೈ ತೆಗೆದುಬಿಟ್ಟ.

"ಬಟ್ಟೆ ಇಲ್ಲ," ಎಂದ. "ಬಟ್ಟೆ ಕೈಲಿಲ್ದೆ ಮುಚ್ಚಬಾರ್ದು."

ಹೆಂಡತಿಯ ಹೆಸರು ಹೋಗಿದೆ, ತನ್ನ ಹೆಸರು ಹೋಗಿದೆ, ಕೈ ಮಾತ್ರ ಕಾನೂನು ಬಿಟ್ಟಿಲ್ಲ. ಬಟ್ಟೆ ನನ್ನ ಜೇಬಿನಲ್ಲಿತ್ತು. ತೆಗೆದುಕೊಟ್ಟೆ. ಅವನು ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ನಲ್ಲಿ ಮುಚ್ಚಿ, ಕಿಕ್ಕರಿಗೆ ಎರಡು ಗಂಟು ಬಿಗಿದ. ಎಳೆದು ನೋಡಿ ತೃಪ್ತನಾದ.

ತಲೆಯೆತ್ತಿದಾಗ ಗ್ಲೆನಿಸ್ ನನ್ನನ್ನೇ ನೋಡುತ್ತಿದ್ದಳು. ಬಟ್ಟೆಯನ್ನು ನೋಡಿ, ಮತ್ತೆ ನನ್ನನ್ನು ನೋಡಿದಳು. ನಾನು ಅಷ್ಟು ದಿನ ಹೇಳಿ ಹೇಳಿ ನಂಬಿಸಲಾಗದ್ದನ್ನು ಅವನ ಕೈ ಹೇಳಿ ಮುಗಿಸಿತ್ತು.

"ಅವ್ನು ಮರೀಲಿಲ್ಲ," ಎಂದಳು.

"ಇಲ್ಲ."

"ನೀನು."

"ಹೌದು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಲೈಸೆನ್ಸ್ ನಾನೇ ಕೈಯಾರೆ ಕೊಟ್ಟುಬಂದೆ ಕ್ಲೆಮ್," ಎಂದಳು. "ಒಲೆ ಹತ್ರ ಹೋಗ್ಬೇಡ ಅಂತ ನಾನೇ ಹೇಳ್ದೆ. ಅವ್ನಿಗೆ ಇನ್ನೊಂದು ಬೇಸಿಗೆ ಇತ್ತು." ಆಲ್ಬಿಯ ಕಾರ್ಡಿಗನ್ನಿನ ಗುಂಡಿ ಸರಿಮಾಡಿ, "ಹೇಳು ಅವ್ನಿಗೆ. ನನ್ನೆದುರಿಗೇ ಹೇಳು," ಎಂದಳು.

ಹೇಳಿದೆ. ಆಲ್ಬಿಗೆ ಅರ್ಥವಾಗುವ ಹಾಗೆ, ಬೇರೆ ಯಾರದೋ ಕಥೆಯ ಹಾಗೆ ಹೇಳಿದೆ. ಒಬ್ಬ ಬೈಕು ಕಟ್ಟಿದ, ಅವನ ಗೆಳೆಯ ಬಟ್ಟೆಯಿಲ್ಲದೆ ನಲ್ಲಿ ಮುಚ್ಚಿದ, ಬೈಕು ಬಿತ್ತು, ಗೆಳೆಯ ಬಾಯಿಬಿಡಲಿಲ್ಲ. ಆಲ್ಬಿ ತಲೆ ಓರೆ ಮಾಡಿ ಕೇಳಿದ.

"ಆಮೇಲೆ ಅವ್ನೇನಾದ, ಬೈಕು ಕಟ್ಟಿದವ್ನು?"

"ತನ್ನ ತಲೇನೇ ಕೈ ಕೊಡ್ತು ಅಂತ ಅಂದ್ಕೊಂಡ. ಮತ್ತೆ ಬೈಕ್ ಮುಟ್ಲಿಲ್ಲ. ಏನನ್ನೂ ಮುಟ್ಲಿಲ್ಲ."

"ಛೇ, ಪಾಪ." ಆಲ್ಬಿಯ ಮುಖದಲ್ಲಿ ನಿಜವಾದ ಮರುಕವಿತ್ತು. "ಅವ್ನ ತಪ್ಪಲ್ಲ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತಾ ಅವ್ನಿಗೆ?"

ಗ್ಲೆನಿಸ್ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಅವನು ತಿರುಗಿ ಕಿಕ್ಕರಿನ ಕಡೆ ಬೆರಳು ತೋರಿಸಿದ, ನಾನು ಮರೆಯದಿರಲಿ ಎಂದು.

ಗಂಟು ಬಿಚ್ಚಲು ಬಗ್ಗಿದೆ. ಅವನ ಕೈ ಕಟ್ಟಿದ್ದನ್ನು ಬಿಚ್ಚಲು ಮನಸ್ಸು ಬರಲಿಲ್ಲ. ಬೈಕನ್ನು ಅಲ್ಲೇ ಬಿಟ್ಟು, ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಗುಡ್ಡ ಇಳಿದು ಮನೆಗೆ ನಡೆದೆ.